ನಾಲ್ಕು ತಾಸಿನ ಬುಟ್ಟಿ

ಸಾವಿನ ಸುದ್ದಿಯನ್ನು ಒಬ್ಬ ಮನುಷ್ಯನಿಗೆ ಎಷ್ಟು ಸಲ ಹೇಳಬಹುದು? ಲೋಕದಲ್ಲಿ ಎಲ್ಲರಿಗೂ ಒಂದೇ ಸಲ. ನನ್ನ ಪಾಲಿಗೆ ಮಾತ್ರ ಅದು ದಿನಾ ಬೆಳಗಿನ ಕೆಲಸವಾಗಿ ಹೋಗಿತ್ತು. ಎದ್ದು ಮುಖ ತೊಳೆಯುವುದು, ಹಾಲು ಕಾಯಿಸುವುದು, ಆಮೇಲೆ ಗಂಡನ ಎದುರು ಕುಳಿತು, "ನಿಮ್ಮವ್ವ ತೀರಿಕೊಂಡಾರ್ರಿ" ಎಂದು ಹೇಳುವುದು.

ಹೇಳಿದ ಕೂಡಲೇ ನಮ್ಮವರು ನನ್ನ ಮುಖ ನೋಡುತ್ತಾರೆ. "ಯಾವಾಗ?" ಎನ್ನುತ್ತಾರೆ. ಗೋಡೆಗೆ ತಲೆ ಆನಿಸಿ ಅಳುತ್ತಾರೆ. ಮಣ್ಣು ಮಾಡುವಾಗ ನಾನು ಇದ್ದೆನೇನು ಎಂದು ಕೇಳುತ್ತಾರೆ. ಇದ್ದಿರಿ ಎಂದರೆ, ನೆನಪೇ ಇಲ್ಲವಲ್ಲ ಎಂದು ಮತ್ತಷ್ಟು ಅಳುತ್ತಾರೆ. ಅದೇ ಮನುಷ್ಯನನ್ನು ರಾತ್ರಿ ಊಟಕ್ಕೆ ಕರೆದರೆ ತಾಟನ್ನು ಪಕ್ಕಕ್ಕೆ ಸರಿಸಿ ಶಾಂತವಾಗಿ ಕೇಳುತ್ತಾರೆ, "ಅವ್ವ ಉಂಡ್ಲೇನು? ಅಕಿ ಉಂಡ ಮ್ಯಾಲೆ ನನಗ ಹಾಕು."

ಆಗ ನನಗೆ ಆ ತಾಟನ್ನೇ ಎತ್ತಿ ಒಗೆಯಬೇಕು ಅನ್ನಿಸುತ್ತಿತ್ತು. ಸಿಟ್ಟು ಅವರ ಮೇಲಲ್ಲ. ಅವರ ಬಲಗಿವಿಯ ಹಿಂದೆ ಕೂಡಿಸಿದ್ದ, ಹುಣಸೆಬೀಜದಷ್ಟು ದೊಡ್ಡ ಯಂತ್ರದ ಮೇಲೆ. ಅದರೊಳಗಿನ ಪ್ರೋಗ್ರಾಮ್ ಬರೆದವಳು ನಾನೇ ಆಗಿದ್ದರಿಂದ ಯಾರನ್ನು ಬೈಯಬೇಕೆಂದೂ ಗೊತ್ತಾಗುತ್ತಿರಲಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಖಾನಾವಳಿ. ಕೆಳಗೆ ಊಟದ ಸಾಲು, ಮೇಲೆ ಮನೆ. ಕಟ್ಟಿದವರು ನಮ್ಮ ಅತ್ತೆ ಬಾಳವ್ವ. ಬೆಳಗಿನಿಂದ ಒಲೆಯ ಮುಂದೆ ಕುಳಿತು ಊರ ಮಂದಿಗೆಲ್ಲ ರೊಟ್ಟಿ ಬಡಿದು ಎಲ್ಲರಿಗಿಂತ ಕಡೆಗೆ ಉಣ್ಣುತ್ತಿದ್ದ ಹೆಂಗಸು. ಅವ್ವ ಉಪವಾಸ ಇರುವಾಗ ನಾನು ಹೇಗೆ ಉಣ್ಣಲಿ ಎಂದು ಚಿಕ್ಕಂದಿನಲ್ಲೇ ಹಟ ಹಿಡಿದ ನಮ್ಮವರು, ಚನ್ನವೀರಪ್ಪ, ಐವತ್ತು ದಾಟಿದರೂ ಆ ಹಟ ಬಿಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಇದು ಚಂದ ಕಾಣುತ್ತಿತ್ತು.

ಹೋದ ವರ್ಷ ಅವರಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು. ಹಳೆಯದೆಲ್ಲ ನೆನಪಿತ್ತು, ಲೆಕ್ಕ ಬರುತ್ತಿತ್ತು, ಗಿರಾಕಿಗಳ ಹೆಸರು ಬರುತ್ತಿತ್ತು. ಆದರೆ ಹೊಸದಾಗಿ ಏನೂ ಒಳಗೆ ಇಳಿಯುತ್ತಿರಲಿಲ್ಲ. ಈಗ ಕಂಡದ್ದನ್ನು ಹಿಡಿದಿಟ್ಟು ಆಮೇಲೆ ಶಾಶ್ವತ ನೆನಪಿಗೆ ದಾಟಿಸುವ ಭಾಗವೇ ಸುಟ್ಟುಹೋಗಿದೆ ಎಂದರು ಡಾಕ್ಟರು. ಆ ಭಾಗದ ಬದಲಿಗೆ ಒಂದು ಯಂತ್ರ ಮಾಡುವುದೇ ನಾನು ಎಂಜಿನಿಯರ್ ಆಗಿದ್ದ ಲ್ಯಾಬಿನ ಕೆಲಸ. ಪ್ರಯೋಗಕ್ಕೆ ರೋಗಿಗಳನ್ನು ಹುಡುಕುತ್ತಿದ್ದರು. ನಾನು ಗಂಡನನ್ನೇ ಕರೆದುಕೊಂಡು ಹೋದೆ.

ಯಂತ್ರ ಏನು ಮಾಡುತ್ತದೆಂದು ಖಾನಾವಳಿಯ ಮಂದಿಗೆ ನಾನು ಹೇಳಿದ್ದು ಹೀಗೆ. ರೊಟ್ಟಿ ಬಡಿಯುವ ಕೈಯ ವೇಗ ಒಂದು, ಕುಳಿತು ಉಣ್ಣುವ ಬಾಯಿಯ ವೇಗ ಇನ್ನೊಂದು. ಎರಡೂ ಎಂದೂ ಹೊಂದುವುದಿಲ್ಲ. ಅದಕ್ಕೇ ನಡುವೆ ಒಂದು ಬುಟ್ಟಿ ಇಡುತ್ತೇವೆ. ಬಡಿದವರು ಬುಟ್ಟಿಗೆ ಹಾಕುತ್ತಾರೆ, ಬಡಿಸುವವರು ಬುಟ್ಟಿಯಿಂದ ತೆಗೆಯುತ್ತಾರೆ, ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆ ಬಫರ್ ಅನ್ನುತ್ತಾರೆ. ನಮ್ಮವರ ಕಿವಿಯ ಹಿಂದಿದ್ದದ್ದು ಅಂಥ ಬುಟ್ಟಿ. ಹಗಲೆಲ್ಲ ಕಂಡದ್ದು ಕೇಳಿದ್ದು ಅದರಲ್ಲಿ ಬಂದು ಬೀಳುತ್ತದೆ. ರಾತ್ರಿ ಗಾಢ ನಿದ್ದೆಯಲ್ಲಿ ಅದು ನಿಧಾನಕ್ಕೆ ಮೆದುಳಿನೊಳಗೆ ಖಾಲಿಯಾಗುತ್ತದೆ. ಖಾಲಿಯಾದದ್ದು ಶಾಶ್ವತ ನೆನಪು.

ತಕರಾರು ಇರುವುದು ಬುಟ್ಟಿ ತುಂಬಿದಾಗ. ಈ ಬುಟ್ಟಿಯಲ್ಲಿ ಹಿಡಿಯುವುದು ನಾಲ್ಕು ತಾಸಿನ ಸರಕು, ಅಷ್ಟೇ. ತುಂಬಿದ ಮೇಲೆ ಮೂರು ದಾರಿ. ಬಡಿಯುವವರ ಕೈ ಹಿಡಿದು ನಿಲ್ಲಿಸಬೇಕು. ಮನುಷ್ಯನ ಕಣ್ಣು ಕಿವಿಗೆ ಅದು ಆಗದ ಮಾತು. ಇಲ್ಲವೇ ಹೊಸದನ್ನು ಒಳಗೆ ಬಿಡಬಾರದು. ಹಾಗೆ ಮಾಡಿದರೆ ರೋಗಿಗೆ ಈಗಷ್ಟೇ ರಸ್ತೆಯಲ್ಲಿ ಬಂದ ಲಾರಿಯೂ ನೆನಪಿರುವುದಿಲ್ಲ. ಉಳಿದದ್ದು ಒಂದೇ. ಎಲ್ಲಕ್ಕಿಂತ ಹಳೆಯದನ್ನು ಚೆಲ್ಲಿ ಆ ಜಾಗದಲ್ಲಿ ಹೊಸದನ್ನು ಇಡುವುದು. ಬುಟ್ಟಿ ಸುತ್ತು ತಿರುಗುತ್ತಲೇ ಇರುತ್ತದೆ, ಹಳೆಯದರ ಮೇಲೆ ಹೊಸದು ಕೂಡುತ್ತಲೇ ಇರುತ್ತದೆ. ನಾವು ಅದನ್ನೇ ಮಾಡಿದ್ದೆವು.

ಯಂತ್ರ ಕೂಡಿಸಿದ ಮೂರನೇ ವಾರಕ್ಕೆ ಅತ್ತೆ ಹೋಗಿಬಿಟ್ಟರು. ಅಲ್ಲಿಂದ ಶುರುವಾಯಿತು ನನ್ನ ಗೋಳು. ಬೆಳಿಗ್ಗೆ ಸುದ್ದಿ ಹೇಳಿದರೆ ಮಧ್ಯಾಹ್ನದೊಳಗೆ ಬುಟ್ಟಿ ಒಂದು ಸುತ್ತು ತಿರುಗಿ ಅದನ್ನು ಚೆಲ್ಲಿಬಿಡುತ್ತದೆ. ಮಲಗುವ ಮೊದಲು ಹೇಳಿದರೆ ಅತ್ತು ಅತ್ತು ನಿದ್ದೆಯೇ ಬರುವುದಿಲ್ಲ. ನಿದ್ದೆ ಬಾರದಿದ್ದರೆ ಬುಟ್ಟಿ ಖಾಲಿಯಾಗುವುದಿಲ್ಲ, ಬೆಳಗಾಗುವುದರೊಳಗೆ ಅದೂ ಹೋಗುತ್ತದೆ. ಗುಳಿಗೆ ಕೊಟ್ಟು ಮಲಗಿಸಿದರೆ ಆ ನಿದ್ದೆ ಯಂತ್ರಕ್ಕೆ ಒಗ್ಗುವುದಿಲ್ಲ. ಊಟದ ಹೊತ್ತಿಗೆ ಮತ್ತೊಮ್ಮೆ ಹೇಳಿದರೆ ಅತ್ತು ಊಟ ಬಿಡುತ್ತಾರೆ. ಹೇಳದಿದ್ದರೆ ಅವ್ವನಿಗೆ ಕಾದು ಊಟ ಬಿಡುತ್ತಾರೆ. ರಮಿಸಿ ರಮಿಸಿ ಎರಡು ಲೋಟ ಅಂಬಲಿ ಕುಡಿಸುವುದರಲ್ಲಿ ನನ್ನ ಜೀವ ಹಣ್ಣಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅಂಗಿ ಗೂಟಕ್ಕೆ ಹಾಕಿದಂತೆ ಕಾಣತೊಡಗಿತು. ಬಚ್ಚಲಲ್ಲಿ ಕುಸಿದು ಬಿದ್ದರು. ತೂಕ ಹೀಗೇ ಇಳಿದರೆ ಯಂತ್ರ ತೆಗೆಯಬೇಕಾಗುತ್ತದೆ, ದೇಹ ತಡೆಯುವುದಿಲ್ಲ ಎಂದರು ಡಾಕ್ಟರು. ಯಂತ್ರ ತೆಗೆದರೆ ನಾಲ್ಕು ತಾಸೂ ಇಲ್ಲ, ನಾಲ್ಕು ನಿಮಿಷವೂ ಇಲ್ಲ.

ನಾನು ನಮ್ಮ ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ಗಲಗಲಿಯವರ ಮುಂದೆ ಹೋಗಿ ನಿಂತೆ.

"ಸರ್, ಒಂದ ಒಂದು ಬದಲಾವಣೆ. ಬುಟ್ಟಿಯೊಳಗ ಒಂದು ನೆನಪಿಗೆ ಗುರುತು ಹಾಕಾಕ ಬರಬೇಕು. ಗುರುತು ಹಾಕಿದ್ದನ್ನ, ನಿದ್ದಿಯೊಳಗ ದಾಟೂ ತನಕ ಚೆಲ್ಲಬಾರದು. ಬರದಿಟ್ಟೀನಿ. ನೀವು ಹೂಂ ಅಂದ್ರ ಇವತ್ತ ಹಾಕತೀನಿ."

ಅವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

"ಪದ್ಮಾವತಿ, ಇದನ್ನ ನೀವು ಎಂಜಿನಿಯರ್ ಆಗಿ ಕೇಳಾಕತ್ತೀರೋ, ಹೆಂಡತಿಯಾಗಿ ಕೇಳಾಕತ್ತೀರೋ?"

"ಎರಡೂ ಆಗಿ ಕೇಳತೀನ್ರಿ. ನನಗಿರೂದು ಒಂದ ತಲಿ."

"ಆ ಗುರುತು ಹಾಕೋರು ಯಾರು?"

"ನಾನ ಹಾಕತೀನಿ."

"ಅದಕ್ಕ ಆಗೂದಿಲ್ಲ ಅನ್ನೂದು. ಇವತ್ತು ನೀವು ಅವ್ವನ ಸುದ್ದಿಗೆ ಹಾಕತೀರಿ. ನಾಳೆ ಇನ್ನೊಬ್ಬ ರೋಗಿಯ ಮಗ ಬಂದು, ಹೊಲ ನನಗ ಕೊಡತೀನಿ ಅಂತ ಅಪ್ಪ ಹೇಳ್ಯಾನ, ಅದಕ್ಕ ಗುರುತು ಹಾಕ್ರಿ ಅಂತಾನ. ಯಾವ ನೆನಪು ಉಳಿಬೇಕು ಅಂತ ಬ್ಯಾರೆಯವರು ಆರಿಸಿದರ ಅದು ಅವರ ತಲಿ ಹೆಂಗಾಗತದ? ಇದನ್ನ ಸಮಿತಿ ಮುಂದ ಇಡೋಣ. ಗುರುವಾರ ಸಭೆ ಅದ."

ಸಮಿತಿಯಂತೆ. ಗುರುವಾರದ ತನಕ ಇನ್ನೂ ಎಷ್ಟು ಸಲ ಅತ್ತೆಯನ್ನು ಸಾಯಿಸಬೇಕಿತ್ತು ನಾನು. ಅವರ ಮಾತಿನಲ್ಲಿ ಸತ್ಯವಿತ್ತು, ಅದೇ ನನ್ನ ಹೊಟ್ಟೆ ಉರಿಸಿತು. ಸುಳ್ಳಾಗಿದ್ದರೆ ಜಗಳ ತೆಗೆಯಬಹುದಿತ್ತು.

ಮನೆಗೆ ಬಂದರೆ ಕಟ್ಟೆಯ ತುಂಬ ಚಪ್ಪಲಿ. ಸಾವಾದ ಮನೆಗೆ ಮಾತಾಡಿಸಲು ಬರುವುದು ನಮ್ಮ ಕಡೆಯ ಪದ್ಧತಿ. ಹತ್ತಿರದವರು ಬರಬೇಕು, ದೂರದವರೂ ಬರಬೇಕು, ಬಾರದಿದ್ದರೆ ವರ್ಷವೆಲ್ಲ ಆಡಿಕೊಳ್ಳುತ್ತಾರೆ. ಬಾಳವ್ವನ ಕೈಯ ರೊಟ್ಟಿ ಉಂಡವರು ಊರ ತುಂಬ ಇದ್ದರು. ತಿಂಗಳಾದರೂ ಬರುವವರು ಬರುತ್ತಲೇ ಇದ್ದರು. ನಾನು ಬೆಳಿಗ್ಗೆ ಲ್ಯಾಬಿಗೆ ಹೋದರೆ ಸಂಜೆಗೆ ವಾಪಸು. ಹಗಲು ಮನೆ ನೋಡಿಕೊಳ್ಳುತ್ತಿದ್ದವಳು ನಮ್ಮವರ ಅಕ್ಕ, ಕಾಶವ್ವ. ತಾಯಿಯ ಮಣ್ಣಿಗೆಂದು ಬಾಗಲಕೋಟೆಯಿಂದ ಬಂದವಳು ತಮ್ಮನ ಸ್ಥಿತಿ ನೋಡಿ ಇಲ್ಲಿಯೇ ಉಳಿದಿದ್ದಳು.

ಅಂದು ನಾನು ಬೇಗ ಬಂದದ್ದರಿಂದ ಹಗಲಿನ ದರ್ಬಾರು ಮೊದಲ ಸಲ ಕಣ್ಣಿಗೆ ಬಿತ್ತು. ಕಾಶಕ್ಕ ಮೆಟ್ಟಿಲ ಬಾಯಲ್ಲಿ ನಿಂತು, ಬಂದ ಬಂದವರ ಕೈ ಹಿಡಿದು ಪಿಸುಗುಟ್ಟುತ್ತಿದ್ದಳು.

"ಅವನ ಮುಂದ ಅವ್ವನ ಮಾತು ಎತ್ತಬ್ಯಾಡ್ರೆವಾ. ಕೇಳಿದ್ರ ನಮ್ಮನಿಗೆ ಹೋಗ್ಯಾಳ, ಬಾಗಲಕೋಟ್ಯಾಗ ಅದಾಳ ಅಂತ ಹೇಳೀನಿ. ನೀವೂ ಹಂಗ ಹೇಳ್ರಿ."

ಮೇಲೆ ಹೋಗಿ ನೋಡಿದೆ. ಜಮಖಾನೆಯ ಮೇಲೆ ಏಳೆಂಟು ಮಂದಿ. ಅಳಲು ಬಂದವರಿಗೆ ಅಳಬೇಡಿ ಎಂದರೆ ಏನು ಮಾಡಿಯಾರು ಪಾಪ. ಒಬ್ಬರು ಬಂಗಾರದ ರೇಟು ಹೇಳುತ್ತಿದ್ದರು. ಇನ್ನೊಬ್ಬರು ಮಗಳಿಗೆ ನೋಡಿದ ವರನ ಮೂಗು ಸೊಟ್ಟ ಎನ್ನುತ್ತಿದ್ದರು. ಒಬ್ಬ ಮುದುಕ ನಮ್ಮವರ ಗಲ್ಲ ಹಿಡಿದು, "ನಾ ಯಾರು ಹೇಳು ನೋಡೋಣು" ಎಂದು ಪರೀಕ್ಷೆ ನಡೆಸುತ್ತಿದ್ದ. ನಮ್ಮವರು ಎಲ್ಲರಿಗೂ ತಲೆ ಆಡಿಸುತ್ತ, ನಡುನಡುವೆ ಮೆಟ್ಟಿಲ ಕಡೆ ನೋಡುತ್ತಿದ್ದರು. ಅವ್ವ ಬಸ್ಸು ಇಳಿದು ಬರುವುದನ್ನು ಕಾಯುತ್ತಿದ್ದರು.

ನಾನು ಬೆಳಿಗ್ಗೆ ಎದೆ ಕಲ್ಲು ಮಾಡಿಕೊಂಡು ಹಾಕಿ ಹೋದದ್ದನ್ನು ಬಂಗಾರದ ರೇಟು, ಸೊಟ್ಟ ಮೂಗು ಸೇರಿ ದಿನಾ ಬುಟ್ಟಿಯಿಂದ ಹೊರಗೆ ನೂಕುತ್ತಿದ್ದವು. ಎಲ್ಲರೂ ಹೋದ ಮೇಲೆ ಅಡಿಗೆಮನೆಯಲ್ಲಿ ಕಾಶಕ್ಕನ ಮೇಲೆ ಹರಿಹಾಯ್ದೆ.

"ಅಕ್ಕಾ, ಬೆಳಿಗ್ಗೆ ನಾ ಹೇಳಿ ಹೋಗತೀನಿ, ನೀವು ಅವ್ವ ಊರಾಗ ಅದಾಳ ಅಂತೀರಿ. ಇದೇನ ಹುಡುಗಾಟ? ನಾಳಿಂದ ಬಾಗಿಲಾ ಹಾಕ್ರಿ. ಯಾರೂ ಬರೂದು ಬ್ಯಾಡ."

"ಸತ್ತ ಮನಿ ಬಾಗಿಲಾ ಹಾಕತಾರೇನ? ನಿಮ್ಮ ಲ್ಯಾಬಿನ್ಯಾಗ ಹಾಕತಿರಬೇಕು."

"ಹಂಗಾರ ಸುಳ್ಳರ ಹೇಳಬ್ಯಾಡ್ರಿ."

"ನೀ ಬೆಳಿಗ್ಗೆ ಹೇಳಿ, ಅಳಿಸಿ, ಸೀರಿ ಉಟಗೊಂಡು ಹೋಗಿಬಿಡತಿ, ಪದ್ಮಾ. ಆಮ್ಯಾಲೆ ಅಂವನ ತಲಿ ತೊಡಿ ಮ್ಯಾಲೆ ಇಟಗೊಂಡು ಕೂಡಾಕಿ ನಾನು. ನನ್ನ ತಾಯಿನೂ ಸತ್ತಾಳ. ನಾ ಅಳಬೇಕಂದ್ರ ಬಚ್ಚಲಕ್ಕ ಹೋಗಿ ಅಳತೀನಿ. ಯಾಕಂದ್ರ ಅಂವ ನೋಡಬಾರದು."

ನನಗೆ ಇನ್ನೂ ಸಿಟ್ಟು ಬಂತು. ಪಾತ್ರೆಗಳನ್ನು ಬೇಕೆಂದೇ ಸಪ್ಪಳ ಮಾಡುತ್ತ ತೊಳೆದೆ.

ಗುರುವಾರ ಬಂತು. ಬೆಳಿಗ್ಗೆ ಹೇಳಿದೆ, ಅತ್ತರು. ಲ್ಯಾಬಿಗೆ ಹೋದೆ. ಸಮಿತಿಯಲ್ಲಿ ಐದು ಜನ, ಐದೂ ಜನರ ಮುಂದೆ ಗೋಡಂಬಿಯ ತಟ್ಟೆ. ನಾನು ಪರದೆಯ ಮೇಲೆ ಚಿತ್ರ ಬಿಡಿಸಿ ತಿಳಿಸಿದೆ. ನನ್ನ ಗಂಡ ಉಣ್ಣುತ್ತಿಲ್ಲ ಎಂದೆ, ಮನುಷ್ಯ ಹೋಗಿಬಿಡುತ್ತಾನೆ ಎಂದೆ. ಒಬ್ಬರು ಗೋಡಂಬಿ ಅಗಿಯುತ್ತ ಆರು ತಿಂಗಳ ಅಧ್ಯಯನ ಬೇಕು ಎಂದರು. ಇನ್ನೊಬ್ಬರು ಆಪ್ತಸಲಹೆ ಕೊಡಿಸಿದ್ದೀರಾ ಎಂದು ಕೇಳಿದರು. ಗಲಗಲಿ ಸರ್ ಕನ್ನಡಕ ಒರೆಸಿದರು. ಸಭೆ ಮುಗಿಯಿತು.

ನಾನು ಕೆಳಗಿನ ಪರೀಕ್ಷಾ ಕೋಣೆಗೆ ಬಂದು ಕುಳಿತೆ. ಆ ಬದಲಾವಣೆಯನ್ನು ಕದ್ದು ಹಾಕಿಬಿಡೋಣ ಎಂಬ ಯೋಚನೆಯೂ ಬಂತು. ಪ್ರೋಗ್ರಾಮಿನ ಕೀಲಿಕೈ ನನ್ನ ಹತ್ತಿರವೇ ಇತ್ತು. ಎದುರಿಗೆ ಜತೆಯ ಎಂಜಿನಿಯರ್ ಶಬಾನಾ ಹೊಸ ಯಂತ್ರವೊಂದನ್ನು ಪರೀಕ್ಷೆ ಮಾಡುತ್ತಿದ್ದಳು. ಇಂಥ ಪರೀಕ್ಷೆಗೆ ನಾವು ಒಂದೇ ಸ್ವರವನ್ನು ಬುಟ್ಟಿಗೆ ಮತ್ತೆ ಮತ್ತೆ ತುಂಬುತ್ತೇವೆ. ಅಂದೂ ಅದೇ ಸ್ವರ ಕುಂಯ್ ಎಂದು ತಲೆ ತಿನ್ನುತ್ತಿತ್ತು.

"ಅದನ್ನ ಬಂದ್ ಮಾಡವಾ ತಾಯಿ. ಒಂದು ಸುತ್ತು ಮುಗದು ಹಳೇದೆಲ್ಲ ಅಳಿಸಿತಲ್ಲ, ಇನ್ನೇನು?"

"ಅಳಿಸಿದ್ರೇನ್ರಿ ಮೇಡಂ, ಅಳಿಸಿದ್ದೂ ಅದ ಸ್ವರ, ಕುಂತದ್ದೂ ಅದ ಸ್ವರ. ಎಲ್ಲಿಂದ ತಗದು ನೋಡಿದರೂ ಅದ ಸಿಗತದ" ಎಂದು ಶಬಾನಾ ಪರದೆಯತ್ತಲೇ ನೋಡುತ್ತ ಹೇಳಿದಳು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇಷ್ಟು ವರ್ಷ ಬಫರ್ ಬರೆದು ನನ್ನ ತಲೆಗೆ ಇದು ಹೊಳೆಯಲಿಲ್ಲವಲ್ಲ. ಚೆಲ್ಲುವುದನ್ನು ತಡೆಯಲು ಹೊಡೆದಾಡುತ್ತಿದ್ದೆ. ಚೆಲ್ಲಿದರೆ ಚೆಲ್ಲಲಿ. ಮೇಲಿನಿಂದ ಬೀಳುವುದೂ ಅದೇ ಆಗಿದ್ದರೆ ಕಳೆದುಕೊಳ್ಳುವುದು ಏನು? ಸಂಜೆ ಒಮ್ಮೆಗೇ ಹೇಳಿದರೆ ನಿದ್ದೆ ಬಾರದು. ಹಗಲೆಲ್ಲ ಹತ್ತಾರು ಬಾಯಿಂದ ಕೇಳಿ ಕೇಳಿ, ಅತ್ತು ದಣಿದರೆ ಸಂಜೆಗೆ ಅದು ಹೊಸ ಸುದ್ದಿಯಾಗಿ ಉಳಿಯುವುದಿಲ್ಲ. ನಿದ್ದೆ ಬಂದೀತು. ಇದಕ್ಕೆ ಸಮಿತಿ ಬೇಡ, ಪ್ರೋಗ್ರಾಮ್ ಬೇಡ. ಬೇಕಾದ ಮಂದಿ ದಿನಾ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದರು, ನಾವೇ ಅವರ ಬಾಯಿ ಮುಚ್ಚಿಸಿದ್ದೆವು.

ಕಾಶಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಬಾಗಿಲಾ ತಗದ ಇಡ್ರಿ. ಯಾರು ಬಂದ್ರೂ ಬರಲಿ. ಆದರ ಇವತ್ತು ಅವ್ವನ ಮಾತು ಬಿಟ್ಟು ಬ್ಯಾರೆ ಒಂದು ಮಾತು ಆಡಬಾರದು. ಹೆಂಗ ಹೋದರು, ಎಲ್ಲಿ ಮಣ್ಣು ಮಾಡಿದಿವಿ, ಇದ್ದಾಗ ಹೆಂಗಿದ್ದರು, ಬರೇ ಅದ. ಅತ್ತರ ಅಳಲಿ. ನೀವೂ ಅಳ್ರಿ, ಅವರ ಎದುರಿಗೇ ಅಳ್ರಿ."

ಆ ಕಡೆ ಪಾತ್ರೆಯೊಂದನ್ನು ಕೆಳಗೆ ಇಟ್ಟ ಸಪ್ಪಳ ಕೇಳಿಸಿತು.

"ಅಕ್ಕಾ, ಕೇಳಾಕತ್ತೀರೇನು?"

"ಕೊಲ್ಲತಿಯೇನ ಅವನ್ನ?" ಎಂದಳು ಕಾಶಕ್ಕ.

"ಉಪವಾಸ ಸಾಯಾಕತ್ತಾರ, ಕಾಣೂದಿಲ್ಲೇನು ನಿಮಗ?"

ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಹೊರಡೋಣವೆಂದರೆ ಗಲಗಲಿ ಸರ್ ಸಭೆಯ ವರದಿ ಇವತ್ತೇ ಬೇಕೆಂದು ಹಿಡಿದುಕೊಂಡರು. ನನ್ನ ಬೇಡಿಕೆಯನ್ನು ಯಾಕೆ ತಿರಸ್ಕರಿಸಲಾಯಿತು ಎಂಬುದನ್ನು ಚಂದವಾಗಿ ನನ್ನಿಂದಲೇ ಬರೆಸಿದರು. ಪ್ರತಿ ಸಾಲಿಗೂ ಅವರನ್ನು ಮನಸ್ಸಿನಲ್ಲಿ ಬೈದೆ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಖಾನಾವಳಿಯ ಬಾಗಿಲ ಹಲಗೆ ಹಾಕಿತ್ತು. ಮೆಟ್ಟಿಲ ಮೇಲೆ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಇಳಿಯುತ್ತಿದ್ದರು. ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಒಬ್ಬ ಹಳೆಯ ಗಿರಾಕಿ, ಉದ್ರಿ ಊಟ ಕೇಳಿದ ಪೊಲೀಸಿನವನ ಮುಂದಿನಿಂದ ಬಾಳವ್ವ ಒಮ್ಮೆ ತಾಟು ಎಳೆದುಕೊಂಡ ಕಥೆ ಹೇಳುತ್ತಿದ್ದ. ಕೆಂಪಗೆ ಊದಿದ ಕಣ್ಣಿನವರೆಲ್ಲ ನಗುತ್ತಿದ್ದರು. ನಮ್ಮವರು ಕಾಶಕ್ಕನ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದರು, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ.

ಕಾಶಕ್ಕನ ದನಿ ಬಿದ್ದು ಹೋಗಿತ್ತು. "ಫೋನ್ ಇಟ್ಟಾಗಿಂದ ಹೇಳೀನಿ. ಬಂದವರೂ ಹೇಳ್ಯಾರ. ಮೊದಲ ಭಾಳ ಅತ್ತ. ಆಮ್ಯಾಲೆ ಬಂದವರಿಗೆ ತಾನ ಹೇಳಾಕ ಶುರು ಮಾಡಿದ, ಅವ್ವ ಹೋದಳ್ರಿ ಅಂತ. ನನ್ನ ಕಣ್ಣೂ ಅಂವನ ಒರಸಿದ."

ಯಂತ್ರದ ಸಣ್ಣ ದೀಪ ಹಸಿರಾಗಿ ಉರಿಯುತ್ತಿತ್ತು. ಹಸಿರು ಎಂದರೆ ಗಾಢ ನಿದ್ದೆ, ಬುಟ್ಟಿ ಖಾಲಿಯಾಗುತ್ತಿದೆ ಎಂದರ್ಥ. ನಾನು ಚೀಲ ಸಹ ಕೆಳಗಿಡದೆ ಅದನ್ನೇ ನೋಡುತ್ತ ನಿಂತಿದ್ದೆ. ಕಾಲು ಸೋತ ಮೇಲೆ ಗೋಡೆಗೆ ಒರಗಿ ಕುಳಿತೆ.

ಬೆಳಿಗ್ಗೆ ಕಣ್ಣು ಬಿಟ್ಟರೆ ಹಾಸಿಗೆ ಖಾಲಿ. ಎದ್ದು ಬಿದ್ದು ಕೆಳಗೆ ಓಡಿದೆ. ನಮ್ಮವರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಊಟದ ಸಾಲಿನಲ್ಲಿ ಕುಳಿತಿದ್ದರು. ಮುಂದೆ ತಾಟು. ತಾಟಿನಲ್ಲಿ ಅರ್ಧ ರೊಟ್ಟಿ, ಎಣ್ಣೆಗಾಯಿ. ಇನ್ನರ್ಧ ಹೊಟ್ಟೆಗೆ ಹೋಗಿತ್ತು. ಯಾರನ್ನೂ ಕಾಯದೆ ಉಣ್ಣುತ್ತಿದ್ದರು. ನನಗೆ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು.

ಹತ್ತಿರ ಹೋಗಿ ಕುಳಿತೆ. ಅವರು ತಲೆ ಎತ್ತಲಿಲ್ಲ.

"ಎಷ್ಟು ದಿನಾತು ಅವ್ವ ಹೋಗಿ?"

"ತಿಂಗಳ ಮ್ಯಾಲಾತ್ರಿ."

"ತಿಂಗಳು." ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಒಂದ ಮನ್ಯಾಗ ಇದ್ದಿ. ಒಂದ ಹಾಸಿಗಿ ಮ್ಯಾಲೆ ಮಲಗತಿ. ನನ್ನ ಅವ್ವ ಸತ್ತಾಳ ಅಂತ ನನಗ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲೇನ ನಿನಗ? ಅಕ್ಕ ಬಂದು ಹೇಳಬೇಕಾತು. ಅಕಿ ಇರದಿದ್ದರ ಇನ್ನೂ ಎಷ್ಟು ದಿನಾ ಮುಚ್ಚಿಡತಿದ್ದಿ?"

ತಿಂಗಳೆಲ್ಲ ದಿನಾ ಬೆಳಿಗ್ಗೆ ಇದೇ ಮನುಷ್ಯನ ಎರಡೂ ಕೈ ಹಿಡಿದುಕೊಂಡು ಹೇಳಿದ್ದೆ. ಅವರ ಕಣ್ಣೀರಿನಿಂದ ನನ್ನ ಸೀರೆಯ ಹೆಗಲು ದಿನಾ ಒದ್ದೆಯಾಗುತ್ತಿತ್ತು. ಅದರಲ್ಲಿ ಒಂದೇ ಒಂದು ಬೆಳಗೂ ಅವರೊಳಗೆ ಇರಲಿಲ್ಲ. ಬಾಗಲಕೋಟೆಯಲ್ಲಿ ಅದಾಳ ಎಂದು ಸುಳ್ಳು ಹೇಳಿದವಳು ಸತ್ಯ ಹೇಳಿದವಳಾಗಿ ಉಳಿದಿದ್ದಳು. ಸಿಟ್ಟು ಉಕ್ಕಿ ಬಂತು. ಇವರ ಮೇಲೆ, ಗೋಡಂಬಿ ತಿಂದವರ ಮೇಲೆ, ಏನೂ ತಿಳಿಯದೆ ಕಿವಿಯ ಹಿಂದೆ ಕುಳಿತಿದ್ದ ಆ ಬೀಜದ ಮೇಲೆ.

ರೊಟ್ಟಿ ತಂದ ಕಾಶಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖ ಬಿಳಚಿಕೊಂಡಿತ್ತು.

"ಅಲ್ಲಪಾ ತಮ್ಮಾ, ಅಕಿ ದಿನಾ ನಿನಗ..."

"ಅಕ್ಕಾ," ಎಂದು ನಾನು ತಡೆದೆ. "ರೊಟ್ಟಿ ಆರತಾವ. ಮೊದಲ ಅವರಿಗೆ ಹಾಕ್ರಿ."

ಅವರು ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ರೊಟ್ಟಿಯ ತುಂಡು ಬೆರಳಲ್ಲೇ ಇತ್ತು, ಬಾಯಿಗೆ ಹೋಗಿರಲಿಲ್ಲ.

"ತಪ್ಪಾತ್ರಿ," ಎಂದೆ. "ಹೇಳಬೇಕಾಗಿತ್ತು. ಉಣ್ರಿ."

ಅವರು ಮುಖ ಆ ಕಡೆ ತಿರುಗಿಸಿ ಉಣ್ಣತೊಡಗಿದರು.